ನಾಲ್ಕು ಮೇಜು, ಒಂದೇ ಕೈಬರಹ: ಬರೆದು ನೋಡಿ ಮಾಡಿದ ಹೋಲಿಕೆ

ಪತ್ರ ಬರಹಗಾರನ ಕೆಲಸ ನನ್ನದು. ಕ್ರಯಪತ್ರವಿರಲಿ, ವಿಭಾಗಪತ್ರವಿರಲಿ, ಮೊದಲ ಕರಡನ್ನು ಕೈಯಲ್ಲೇ ಬರೆಯುತ್ತೇನೆ, ಟೈಪಿಂಗ್ ಆಮೇಲೆ. ದಿನಕ್ಕೆ ಐದಾರು ಗಂಟೆ ಪೆನ್ನು ಹಿಡಿದು ಕೂತು ಕೂತು ಕತ್ತು, ಬಲಭುಜ ಎರಡೂ ಹಿಡಿದುಕೊಂಡವು. ಅಲ್ಲಿಂದೀಚೆಗೆ ನಾಲ್ಕು ಥರದ ಮೇಜಿನ ಮೇಲೆ ತಿಂಗಳುಗಟ್ಟಲೆ ಬರೆದು ನೋಡಿದ್ದೇನೆ. ದಾವಣಗೆರೆಯಲ್ಲಿ ಮೇಜು ಕೊಳ್ಳುವ, ಮಾಡಿಸುವ ಯೋಚನೆಯಲ್ಲಿರುವವರಿಗೆ ಇದು ಉಪಯೋಗಕ್ಕೆ ಬಂದೀತು.

ಮೊದಲು ತಂದದ್ದು ಅಂಗಡಿಯವರೇ ಮನೆಗೆ ಬಂದು ಜೋಡಿಸಿಕೊಡುವ ಕಂಪ್ಯೂಟರ್ ಟೇಬಲ್. ಮರದ ಚೂರು, ಹೊಟ್ಟನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ, ಮೇಲೊಂದು ನುಣುಪು ಹಾಳೆ. ಬಂದ ದಿನ ಚೆಂದವೇ ಕಂಡಿತು. ಆದರೆ ದಿನಾ ನೆಲ ಒರೆಸುವ ನೀರು ತಾಗಿ ತಾಗಿ ಒಂದೇ ಮಳೆಗಾಲದಲ್ಲಿ ಕಾಲಿನ ಬುಡ ಮಂಡಕ್ಕಿಯ ಹಾಗೆ ಉಬ್ಬಿತು. ಕಚೇರಿ ಬದಲಿಸುವಾಗ ಬಿಚ್ಚಿ ಮತ್ತೆ ಜೋಡಿಸಿದರೆ ಸ್ಕ್ರೂಗಳು ಹಲಗೆಯನ್ನು ಕಚ್ಚಲೇ ಇಲ್ಲ. ಬರೆಯುವಾಗ ಮೇಜು ಅಲ್ಲಾಡಿದರೆ ಅಕ್ಷರವೂ ಅಲ್ಲಾಡುತ್ತದೆ. ಇದನ್ನು ಯಾರಿಗೂ ಹೇಳಲಾರೆ.

ಆಮೇಲೆ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು ಸಾಗುವಾನಿಯ ಆಫೀಸ್ ಮೇಜು. ಎರಡೂ ಪಕ್ಕ ಮೂರು ಮೂರು ಖಾನೆ, ನಡುವೆ ಕಾಲು ಚಾಚಲು ಜಾಗ, 30 ಇಂಚು ಎತ್ತರ. ಕೊಳ್ಳುವ ಮುಂಚೆ ಒಂದು ಖಾನೆಯನ್ನು ಪೂರ್ತಿ ಎಳೆದು ಮಗುಚಿ ನೋಡಿದೆ. ಮುಂದಿನ ಹಲಗೆಗೂ ಪಕ್ಕದ ಹಲಗೆಗೂ ಮೊಳೆಯೇ ಇರಲಿಲ್ಲ. ಒಂದರ ತುದಿಯನ್ನು ಪಾರಿವಾಳದ ಪುಕ್ಕದ ಹಾಗೆ ಅಗಲಿಸಿ ಕಡೆದು, ಇನ್ನೊಂದರ ಕಚ್ಚಿನಲ್ಲಿ ಕೂರಿಸಿದ್ದರು. ಎಳೆದಷ್ಟೂ ಬಿಗಿಯಾಗುವ ಜೋಡಣೆ ಅದು. ಎಲ್ಲ ಹಲ್ಲುಗಳ ಅಗಲ ಒಂದೇ ಸಮ ಇರಲಿಲ್ಲ, ಗುರುತು ಹಾಕಿದ ಗೀಟೂ ಅಲ್ಲಲ್ಲಿ ಉಳಿದಿತ್ತು. ಯಂತ್ರದ್ದಾದರೆ ಎಲ್ಲವೂ ಅಚ್ಚೊತ್ತಿದಂತೆ ಇರುತ್ತವೆ. ಯಾರೋ ಉಳಿ ಹಿಡಿದು ಕೂತು ಮಾಡಿದ ಕೆಲಸ ಅಂತ ಗೊತ್ತಾದ ಮೇಲೆ ಚೌಕಾಸಿ ಮಾಡಲು ಮನಸ್ಸು ಬರಲಿಲ್ಲ.

ಗಟ್ಟಿ ಮರದ ಮೇಜಿಗೆ ಋತುಮಾನ ತಿಳಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲಿಗೆ ಖಾನೆಗಳು ಸಲೀಸಾಗಿ ಜಾರುತ್ತವೆ, ಜುಲೈನಲ್ಲಿ ತೇವ ಹೀರಿ ಬಿಗಿಯುತ್ತವೆ. ಮರ ಉಬ್ಬುವುದು ಎಳೆಗೆ ಅಡ್ಡಡ್ಡಲಾಗಿ, ಉದ್ದಕ್ಕೆ ಹೆಚ್ಚೇನೂ ಇಲ್ಲ. ಅದಕ್ಕೇ ಒಳ್ಳೆಯ ಬಡಗಿ ಖಾನೆಯ ಸುತ್ತ ಕೂದಲೆಳೆಯಷ್ಟು ಸಂದು ಬಿಡುತ್ತಾನೆ. ಬಿಗಿದರೆ ತೋಪಡ ಹೊಡೆಸಿ ಮರ ಹೆರೆಸಲು ಅವಸರ ಮಾಡಬೇಡಿ. ಜಾರುವ ಪಟ್ಟಿಗೆ ಮೇಣದಬತ್ತಿ ಉಜ್ಜಿದರೆ ಸಾಕು.

ಇಷ್ಟೆಲ್ಲ ಗುಣವಿದ್ದರೂ ನನ್ನ ಕತ್ತುನೋವು ಹೋಗಲಿಲ್ಲ. ಮೇಜು ಸಪಾಟಾಗಿದ್ದರೆ ಪುಟದ ಮೇಲಿನ ಸಾಲು ದೂರ, ಕೆಳಗಿನ ಸಾಲು ಹತ್ತಿರ, ತಲೆ ಬಗ್ಗಲೇಬೇಕು. ಜೊತೆಗೆ ಜಾಗ ಕಂಡಲ್ಲೆಲ್ಲ ಫೈಲು ಕೂರುತ್ತದೆ. ಕೊನೆಗೆ ಬರೆಯಲು ಉಳಿದದ್ದು ಒಂದು ಮೊಳ.

ಮೂರನೆಯದು ನನ್ನದಲ್ಲ. ಕಚೇರಿ ರಿಪೇರಿ ನಡೆದಾಗ ಹಿರಿಯ ವಕೀಲರೊಬ್ಬರು ತಮ್ಮ ತಂದೆಯ ಕಾಲದ ಉರುಳೆ ಮುಚ್ಚಳದ (ಎಳೆದರೆ ಉರುಳಿ ಬಂದು ಬರೆಯುವ ಜಾಗವನ್ನು ಮುಚ್ಚುವ) ಮೇಜನ್ನು ಮೂರು ತಿಂಗಳು ಬಿಟ್ಟುಕೊಟ್ಟಿದ್ದರು. ಫ್ರಾನ್ಸಿನ ಹದಿನೈದನೇ ಲೂಯಿಗೆ ಇಂಥ ಮುಚ್ಚಳದ ಮೇಜನ್ನು ಓಬೆನ್ ಎಂಬ ಬಡಗಿ 1760ರಲ್ಲಿ ಶುರು ಮಾಡಿದ, ಅವನು ತೀರಿಕೊಂಡ ಮೇಲೆ ರೀಸನರ್ 1769ರಲ್ಲಿ ಮುಗಿಸಿದ. ಒಂದು ಮೇಜಿಗೆ ಒಂಬತ್ತು ವರ್ಷ! ದೊರೆಯ ಕಾಗದ ಆಳುಗಳ ಕಣ್ಣಿಗೆ ಬೀಳಬಾರದು, ಮುಚ್ಚಳ ಎಳೆದು ಬೀಗ ಹಾಕಿದರೆ ಆಯಿತು. ಅಮೆರಿಕದ ಬಫಲೋ ನಗರದ ಆಬ್ನರ್ ಕಟ್ಲರ್ 1882ರಲ್ಲಿ ತನ್ನ ಉರುಳೆ ಮೇಜಿಗೆ ಪೇಟೆಂಟ್ ಪಡೆದ, ಆ ಕಾಲದಲ್ಲಿ ಗುಮಾಸ್ತರ ಕಚೇರಿಗಳಿಗೂ ಅದು ಇಳಿಯಿತು. ಅಂದಹಾಗೆ, 'ಬ್ಯೂರೋ' ಎಂಬ ಪದ ಹುಟ್ಟಿದ್ದು ಮೇಜಿನ ಮೇಲೆ ಹಾಸುತ್ತಿದ್ದ ಒರಟು ಉಣ್ಣೆ ಬಟ್ಟೆಯಿಂದ. ಅದು ಮೇಜಿನ ಹೆಸರಾಗಿ, ಕೊನೆಗೆ ಸರ್ಕಾರಿ ಕಚೇರಿಯ ಹೆಸರೇ ಆಯಿತು. ನಮ್ಮಲ್ಲಿ ಕೂರುವ ಗದ್ದುಗೆ ಅಧಿಕಾರದ ಹೆಸರಾದ ಹಾಗೆ.

ಸಂಜೆ ಕಕ್ಷಿದಾರರ ಕಾಗದವನ್ನು ಇದ್ದ ಹಾಗೇ ಬಿಟ್ಟು ಮುಚ್ಚಳ ಎಳೆಯುವ ನೆಮ್ಮದಿ ಬೇರೆ ಯಾವ ಮೇಜಿನಲ್ಲೂ ಸಿಗಲಿಲ್ಲ. ಆದರೆ ಆ ಮುಚ್ಚಳ ಅಂದರೆ ಕ್ಯಾನ್ವಾಸ್ ಬಟ್ಟೆಗೆ ಸಾಲಾಗಿ ಅಂಟಿಸಿದ ಮರದ ಪಟ್ಟಿಗಳು, ಅವು ಎರಡು ಪಕ್ಕದ ಗಾಡಿಯಲ್ಲಿ, ಅಂದರೆ ಮರದಲ್ಲಿ ಕೊರೆದ ಉದ್ದ ತೋಡಿನಲ್ಲಿ, ಓಡಬೇಕು. ನಮ್ಮೂರ ಧೂಳು ಆ ಗಾಡಿಯಲ್ಲಿ ಕೂತರೆ ಮುಚ್ಚಳ ಅರ್ಧಕ್ಕೇ ನಿಲ್ಲುತ್ತದೆ. ವಾರಕ್ಕೊಮ್ಮೆ ಬ್ರಷ್ ಹಿಡಿದು ಕೂರುವ ತಾಳ್ಮೆ ಇದ್ದವರಿಗೆ ಒಳ್ಳೆಯದು. ಇಲ್ಲೂ ಬರೆಯುವ ಜಾಗ ಸಪಾಟೇ.

ಕೊನೆಗೆ ಅಟ್ಟದಿಂದ ಇಳಿಸಿದ್ದು ಅಜ್ಜನ ಡೆಸ್ಕು. ಅಜ್ಜ ಮಂಡಿಪೇಟೆಯ ಹತ್ತಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಮಣೆಯ ಮೇಲಿಟ್ಟ ಈ ಪೆಟ್ಟಿಗೆಯ ಮೇಲೆ ದಿನದ ಲೆಕ್ಕದ ಕಿರ್ದಿ ಬರೆಯುತ್ತಿದ್ದರು. ಪೆಟ್ಟಿಗೆಯ ಎತ್ತರ ಹಿಂದೆ 8 ಇಂಚು, ಮುಂದೆ 4 ಇಂಚು, ನಡುವೆ 16 ಇಂಚು ಇಳಿಜಾರು ಮುಚ್ಚಳ. ಪುಸ್ತಕ ಜಾರದಂತೆ ಕೆಳಗೊಂದು ಪಟ್ಟಿ, ಮೇಲೆ ಲೇಖನಿ ಇಡುವ ತೋಡು, ಮಸಿಕುಡಿಕೆಗೆ ದುಂಡು ಗುಳಿ. ಎಡಗೈ ಊರುತ್ತಿದ್ದ ಕಡೆ ಮರ ಎಣ್ಣೆ ಕುಡಿದಂತೆ ಕಪ್ಪಾಗಿ ನುಣುಪಾಗಿದೆ.

ಅದರ ಮೇಲೆ ಹಾಳೆ ಇಟ್ಟು ಎರಡೇ ಪುಟ ಬರೆದಿದ್ದೆ, ಕತ್ತು ಬಗ್ಗಿಲ್ಲವೆಂದು ತಿಳಿಯಿತು. ಪುಟವೇ ಕಣ್ಣಿನ ಕಡೆ ಎದ್ದು ಬಂದಿತ್ತು. ಮಧ್ಯಯುಗದ ಯುರೋಪಿನಲ್ಲಿ ಗ್ರಂಥ ನಕಲು ಮಾಡುತ್ತಿದ್ದ ಸನ್ಯಾಸಿಗಳ ಮೇಜೂ ಇಳಿಜಾರೇ. 1776ರಲ್ಲಿ ಥಾಮಸ್ ಜೆಫರ್ಸನ್ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಕರಡು ಬರೆದದ್ದು ತಾನೇ ನಕ್ಷೆ ಹಾಕಿ ಫಿಲಡೆಲ್ಫಿಯಾದ ಬಡಗಿಯ ಕೈಲಿ ಮಾಡಿಸಿದ್ದ ಸಣ್ಣ ಇಳಿಜಾರು ಪೆಟ್ಟಿಗೆಯ ಮೇಲೆ. ಕಾಗದ ರಾಶಿ ಬಿದ್ದು, ಟೈಪ್‌ರೈಟರ್ ಬಂದ ಮೇಲೆ ಕಚೇರಿಗೆ ಸಪಾಟು ಮೇಜೇ ಬೇಕಾಯಿತು, ಅದು ಸರಿ. ಆದರೆ ಕೈಯಲ್ಲಿ ಬರೆಯುವವರಿಗೂ ಅದನ್ನೇ ಕೊಟ್ಟೆವು.

ನನ್ನ ಮಂಡಿ ಈಗ ಗಾದಿಗೆ ಒಗ್ಗುವುದಿಲ್ಲ. ಪೆಟ್ಟಿಗೆಯನ್ನು ಆಟೋದಲ್ಲಿಟ್ಟುಕೊಂಡು ಬಡಗಿ ಆಚಾರ್ರ ಬಳಿ ಹೋಗಿ ಇದಕ್ಕೇ ಕಾಲು ಹಚ್ಚಿಕೊಡಿ ಅಂದೆ. ಅವರು ಮುಚ್ಚಳ ಎತ್ತಿ, ಒಳಮೂಲೆಯ ಜೋಡಣೆಯ ಮೇಲೆ ಬೆರಳಾಡಿಸಿ, "ಇದಕ್ಕೆ ಮೊಳೆ ಹೊಡೆಯಂಗಿಲ್ಲ ಸಾರ್, ಪಾಪ ಸುತ್ತುತ್ತೆ. ಮಣೆ ಬದಲು ಎತ್ತರದ ಸ್ಟ್ಯಾಂಡ್ ಮಾಡಿಕೊಡ್ತೀನಿ, ಪೆಟ್ಟಿಗೆ ಅದರ ಮೇಲೆ ಕೂರಲಿ" ಅಂದರು. ಹಾಗೇ ಮಾಡಿಕೊಟ್ಟರು. ಸ್ಟ್ಯಾಂಡ್ 24 ಇಂಚು, ಮುಂದೆ ಅಡ್ಡಪಟ್ಟಿ ಇಲ್ಲದ್ದರಿಂದ ಮಂಡಿ ತಾಗುವುದಿಲ್ಲ. ಕುರ್ಚಿಯಲ್ಲಿ ಕೂತರೆ ಮೇಜಿನ ಮುಂದಿನ ಅಂಚು 28 ಇಂಚಿಗೆ ಬರುತ್ತದೆ. ಮಾಡಿಸುವವರು ತಮ್ಮ ಕುರ್ಚಿಯಲ್ಲಿ ಕೂತು, ಮಡಚಿದ ಮೊಣಕೈ ಎತ್ತರ ಅಳೆದು ಆ ಲೆಕ್ಕ ಕೊಡಿ. ಸಾಗುವಾನಿಯ ಆಫೀಸ್ ಮೇಜನ್ನು ಮಾರಿಲ್ಲ, ಪಕ್ಕದಲ್ಲೇ ಇದೆ, ಫೈಲುಗಳೆಲ್ಲ ಅದರ ಮೇಲೆ.