ಮನೆಯ ಯುಪಿಐ ಖಾತೆಯಲ್ಲೇ ವ್ಯಾಪಾರ: ಕೊಡಗಿನಲ್ಲಿ ಎಲ್ಲಿಯವರೆಗೆ ನಡೆಯುತ್ತದೆ?

ಕುಶಾಲನಗರದಿಂದ ಭಾಗಮಂಡಲದವರೆಗೆ ಜೇನು, ಕಿತ್ತಳೆ, ಚಾಕೊಲೇಟ್ ಮಾರುವ ಎಷ್ಟೋ ಕಡೆ ಅಂಟಿಸಿರುವುದು ಮನೆಯವರ ಸ್ವಂತ ಫೋನ್‌ಪೇ ಅಥವಾ ಗೂಗಲ್ ಪೇ ಕ್ಯೂಆರ್. ತೋಟದ ಕಿತ್ತಳೆಯನ್ನು ನಾಲ್ಕು ವಾರ ಗೇಟಿನ ಮುಂದಿಟ್ಟು ಮಾರುವವರಿಗೆ ಅದೇ ಸಾಕು. ದುಡ್ಡು ಆಗಲೇ ಖಾತೆಗೆ ಬೀಳುತ್ತದೆ, ಕಮಿಷನ್ ಇಲ್ಲ. ವರ್ಷಪೂರ್ತಿ ಅಂಗಡಿ ಅಥವಾ ಹೋಂಸ್ಟೇ ನಡೆಸುವವರಿಗೆ ಮಾತ್ರ ಇದನ್ನು ಖಂಡಿತ ಶಿಫಾರಸು ಮಾಡುವುದಿಲ್ಲ.

ಕಮಿಷನ್ ಉಳಿಯುತ್ತದೆ ಎಂಬ ಲೆಕ್ಕ ಮೊದಲು ಬಿಡಬೇಕು. ಬ್ಯಾಂಕ್ ಖಾತೆಯಿಂದ ಬರುವ ಯುಪಿಐ ಹಣಕ್ಕೆ ಅಂಗಡಿ ಕ್ಯೂಆರ್‌ನಲ್ಲೂ (ವ್ಯಾಪಾರಿ ಎಂದು ನೋಂದಾಯಿಸಿ ಪಡೆಯುವ ಕ್ಯೂಆರ್) 2020ರ ಜನವರಿಯಿಂದ ಕಮಿಷನ್ ಇಲ್ಲ. ಇನ್ನು ಪ್ರವಾಸಿಗಳಲ್ಲಿ ಹಲವರು ರುಪೇ ಕ್ರೆಡಿಟ್ ಕಾರ್ಡನ್ನು ಯುಪಿಐಗೆ ಜೋಡಿಸಿಕೊಂಡಿರುತ್ತಾರೆ. ವೈಯಕ್ತಿಕ ಕ್ಯೂಆರ್‌ಗೆ ಆ ಕಾರ್ಡಿನಿಂದ ಹಣ ಹೋಗುವುದೇ ಇಲ್ಲ, ಅಂಗಡಿ ಕ್ಯೂಆರ್‌ಗೆ ಹೋಗುತ್ತದೆ. ಎರಡು ಕಿಲೋ ಕಾಫಿಪುಡಿ ಕಟ್ಟಿಸಿದ ಗಿರಾಕಿ ಕೊನೆಗಳಿಗೆಯಲ್ಲಿ ಹಿಂದೆ ಸರಿಯುವುದಕ್ಕೆ ಇದೂ ಒಂದು ಕಾರಣ.

ದೊಡ್ಡ ಅಪಾಯ ಬೇರೆ. ಯಾರನ್ನೋ ವಂಚಿಸಿ ಪಡೆದ ಹಣದಲ್ಲಿ ಒಬ್ಬ ನಿಮ್ಮಲ್ಲಿ ₹800ರ ಜೇನು ಕೊಳ್ಳುತ್ತಾನೆ ಎನ್ನಿ. ಮೋಸಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರೆ ಆ ಹಣ ಹೋದ ಜಾಡಿನಲ್ಲಿರುವ ಖಾತೆಗಳಿಗೆ ತಡೆ ಬೀಳಬಹುದು. ಕೆಲವೊಮ್ಮೆ ₹800ಕ್ಕಷ್ಟೇ, ಕೆಲವೊಮ್ಮೆ ಇಡೀ ಖಾತೆಗೆ. ಆಳುಗಳ ಕೂಲಿ, ಮಕ್ಕಳ ಫೀಸು, ಔಷಧಿ ದುಡ್ಡು ಎಲ್ಲವೂ ಅದೇ ಖಾತೆಯಲ್ಲಿದ್ದರೆ ಮನೆಯೇ ನಿಂತುಹೋಗುತ್ತದೆ. ಅಂಗಡಿ ಕ್ಯೂಆರ್ ಹಾಕಿದ ಮಾತ್ರಕ್ಕೆ ಈ ತಡೆ ತಪ್ಪುವುದಿಲ್ಲ. ಆದರೆ ವ್ಯಾಪಾರಕ್ಕೆ ಬೇರೆ ಖಾತೆ ಇದ್ದರೆ ಪೆಟ್ಟು ಅಲ್ಲಿಗೇ ನಿಲ್ಲುತ್ತದೆ. ತಾರೀಖು, ಸಾಮಾನು, ಪ್ರತಿ ಪಾವತಿಗೂ ಬರುವ 12 ಅಂಕಿಯ ಯುಟಿಆರ್ ನಂಬರ್ ಇರುವ ಬಿಲ್ ಪುಸ್ತಕವಿದ್ದರೆ ಬ್ಯಾಂಕಿಗೂ ಪೊಲೀಸರಿಗೂ ತೋರಿಸಲು ಏನಾದರೂ ಇರುತ್ತದೆ.

ತೆರಿಗೆಯ ವಿಷಯದಲ್ಲೂ ಬೆರಕೆ ಖಾತೆಯೇ ತೊಡಕು. ಯುಪಿಐ ಜಮೆ ನೋಡಿ 2025ರ ಜುಲೈನಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆ ನೋಟಿಸ್ ಕಳಿಸಿದಾಗ, ನೆಂಟರು ಕಳಿಸಿದ್ದು ಯಾವುದು, ವ್ಯಾಪಾರದ್ದು ಯಾವುದು ಎಂದು ಬಿಡಿಸಿ ಹೇಳುವುದೇ ಕಷ್ಟವಾಯಿತು. ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ ಸರಕಿಗೆ ₹40 ಲಕ್ಷ, ಹೋಂಸ್ಟೇಯಂಥ ಸೇವೆಗೆ ₹20 ಲಕ್ಷ. ಕ್ಯೂಆರ್ ಯಾವುದಾದರೂ ಮಿತಿ ಅದೇ. ಸ್ವಂತ ತೋಟದ ಕಾಳುಮೆಣಸು ಮಾರುವ ಬೆಳೆಗಾರರಿಗೆ, ಹಸಿಯದಾಗಲಿ ಒಣಗಿಸಿದ್ದಾಗಲಿ, ನೋಂದಣಿ ಬೇಕಿಲ್ಲ. ಚಾಕೊಲೇಟ್ ಮಾಡಿ ಕೊರಿಯರ್‌ನಲ್ಲಿ ಕೇರಳಕ್ಕೋ ತಮಿಳುನಾಡಿಗೋ ಕಳಿಸುವವರಿಗೆ ಹಾಗಲ್ಲ. ತೆರಿಗೆ ಬೀಳುವ ಸರಕು ರಾಜ್ಯದ ಗಡಿ ದಾಟಿದರೆ ₹40 ಲಕ್ಷದ ವಿನಾಯಿತಿ ಸಿಗುವುದಿಲ್ಲ.

ಹೋಂಸ್ಟೇಯವರು ಮುಂಗಡದ ವಿಷಯದಲ್ಲಿ ಜಾಗ್ರತೆ. "ತಪ್ಪಿ ಹೆಚ್ಚು ಹಾಕಿಬಿಟ್ಟೆ, ಈ ನಂಬರ್‌ಗೆ ವಾಪಸ್ ಕಳಿಸಿ" ಎಂದು ಸ್ಕ್ರೀನ್‌ಶಾಟ್ ಬಂದರೆ ಮೊದಲು ಬ್ಯಾಂಕ್ ಆ್ಯಪ್‌ನಲ್ಲಿ ಜಮೆ ಆಗಿದೆಯೇ ನೋಡಿ. ಆಗಿದ್ದರೂ ಬೇರೆ ನಂಬರ್‌ಗೆ ಹಾಕಬೇಡಿ. ಅಂಗಡಿ ಆ್ಯಪ್‌ನ ರೀಫಂಡ್‌ನಲ್ಲಿ ಹಣ ಬಂದ ಖಾತೆಗೇ ಮರಳುತ್ತದೆ. ವೈಯಕ್ತಿಕ ಖಾತೆಯಲ್ಲಿ ಆ ಅನುಕೂಲವಿಲ್ಲ, ಹೊಸದಾಗಿಯೇ ಕಳಿಸಬೇಕು.

ಬದಲಾಯಿಸುವುದು ಕಷ್ಟವಲ್ಲ. ಮೊದಲು ಬೇರೆ ಖಾತೆ, ಸಾಧ್ಯವಾದರೆ ಚಾಲ್ತಿ ಖಾತೆ, ತೆರೆಯಿರಿ. ಪಾನ್, ಆಧಾರ್, ಅಂಗಡಿಯ ಫೋಟೊ ಇಟ್ಟುಕೊಂಡು ಫೋನ್‌ಪೇ, ಗೂಗಲ್ ಪೇಯಂಥವರ ಬಿಸಿನೆಸ್ ಆ್ಯಪ್‌ನಲ್ಲಿ ನೋಂದಾಯಿಸಿ. ಕ್ಯೂಆರ್ ಬಂದ ಮೇಲೆ ಇನ್ನೊಬ್ಬರ ಫೋನಿನಿಂದ ₹1 ಹಾಕಿಸಿ, ತೆರೆಯ ಮೇಲೆ ಅಂಗಡಿಯ ಹೆಸರು ಬರುತ್ತದೆಯೇ, ಹಣ ಅಂದೇ ಬರುತ್ತದೋ ಮರುದಿನವೋ ನೋಡಿ. ನಿಮ್ಮ ಕ್ಯೂಆರ್ ಮೇಲೆ ಬೇರೆಯವರ ಸ್ಟಿಕ್ಕರ್ ಅಂಟಿಸಿ ಹೋಗುವವರೂ ಇರುವುದರಿಂದ ಬೆಳಗ್ಗೆ ಬಾಗಿಲು ತೆರೆದಾಗ ಒಮ್ಮೆ ಸ್ಕ್ಯಾನ್ ಮಾಡುವುದು ಒಳ್ಳೆಯದು.

ಹಣ ಬಂದಾಗ ಕೂಗಿ ಹೇಳುವ ಸೌಂಡ್‌ಬಾಕ್ಸ್ ಬಾಡಿಗೆಗೆ ತೆಗೆದುಕೊಳ್ಳುವ ಮುಂಚೆ ಅದರ ಸಿಮ್ ಯಾವ ಕಂಪನಿಯದು ಎಂದು ಕೇಳಿ. ಗಲ್ಲಾಪೆಟ್ಟಿಗೆ ಇರುವ ಜಾಗದಲ್ಲೇ ಆ ಸಿಗ್ನಲ್ ಸಿಗಬೇಕು. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಮಲಗಿದಾಗ ಪೆಟ್ಟಿಗೆ ಮಾತಾಡುವುದಿಲ್ಲ, ಗಿರಾಕಿಯ ಫೋನ್ ಮಾತ್ರ 'ಪೆಂಡಿಂಗ್' ಎನ್ನುತ್ತದೆ. ಅಂಥ ಹಣ ನಿಮಗೆ ಬಾರದಿದ್ದರೆ ಆರ್‌ಬಿಐ ನಿಯಮದಂತೆ ಗಿರಾಕಿಗೆ ತಾನಾಗಿ ಮರಳಬೇಕು: ವೈಯಕ್ತಿಕ ಪಾವತಿಯಾದರೆ ಮರುದಿನದೊಳಗೆ, ಅಂಗಡಿ ಪಾವತಿಯಾದರೆ 5 ದಿನದೊಳಗೆ. ತಡವಾದರೆ ದಿನಕ್ಕೆ ₹100 ಪರಿಹಾರ. ಇದನ್ನು ಗಿರಾಕಿಗೆ ತಿಳಿಸಿ, ನಗದು ಇದ್ದರೆ ಕೇಳಿ, ಇಲ್ಲವಾದರೆ ಜಮೆ ಕಂಡ ಮೇಲೆಯೇ ಸಾಮಾನು ಕೊಡಿ.