ಒಂದೇ ಹಾಡು, ಮೂರು ರಾತ್ರಿ

ಎರಡು ತಿಂಗಳಲ್ಲಿ ಮೂರು ರಾತ್ರಿ ಹಳೇ ಹಾಡು ಕೇಳೋಕೆ ಹೋಗಿದ್ದೆವು, ನಾನು ಮತ್ತು ನನ್ನ ಹಾಸ್ಟೆಲ್ ಕಾಲದ ರೂಮ್‌ಮೇಟ್. ಮೊದಲ ರಾತ್ರಿ ಟ್ರಿಬ್ಯೂಟ್ ಬ್ಯಾಂಡ್. ಅಂದರೆ ಹೆಸರಾಂತ ಬ್ಯಾಂಡ್ ಒಂದರ ಹಾಡುಗಳನ್ನು ಅದೇ ಬಟ್ಟೆ, ಅದೇ ಕೂದಲು, ಅದೇ ಸದ್ದಿನಲ್ಲಿ ನುಡಿಸುವ ತಂಡ. ಎರಡನೇ ರಾತ್ರಿ ಡಿಜೆ, ಎಂಬತ್ತರ ದಶಕದ ಹಾಡುಗಳು ಮಾತ್ರ. ಮೂರನೆಯದು ಮನೆ ಹತ್ತಿರದ ಪುಟ್ಟ ಕ್ಲಬ್ಬಿನಲ್ಲಿ ಐದು ಜನರ ಕವರ್ ಬ್ಯಾಂಡ್, ಅಂದರೆ ಬೇರೆ ಬೇರೆಯವರ ಹಾಡುಗಳನ್ನು ವೇಷಗೀಷ ಇಲ್ಲದೆ ತಮ್ಮದೇ ರೀತಿಯಲ್ಲಿ ನುಡಿಸುವ ತಂಡ. ಮೂರು ಕಡೆಯೂ ಕೇಳಿಸಿದ ಹಾಡು ಒಂದೇ ಒಂದು. ಹಾಸ್ಟೆಲ್‌ನಲ್ಲಿ ಕ್ಯಾಸೆಟ್ ಸವೆಯುವ ತನಕ ಕೇಳಿದ್ದ ಹಾಡು ಅದು. ಹೋಲಿಸೋಕೆ ಅದೇ ಅಳತೆಗೋಲಾಯಿತು.

ಟ್ರಿಬ್ಯೂಟ್ ಬ್ಯಾಂಡ್ ಅಂದರೆ ನನಗೆ ಸ್ವಲ್ಪ ತಾತ್ಸಾರ ಇತ್ತು. ವೇಷ ಕಟ್ಟಿಕೊಂಡು ಬಂದವರು ಅಂದುಕೊಂಡಿದ್ದೆ. ಮೊದಲ ಹತ್ತು ನಿಮಿಷದಲ್ಲೇ ಬಾಯಿ ಮುಚ್ಚಿಸಿದರು. ಕೀಬೋರ್ಡಿನವನು ಒಂದು ಸ್ವರ ಒತ್ತಿದ, ನನಗೆ ಮೈ ಜುಮ್ಮೆಂದಿತು. ಯಮಹಾ ಡಿಎಕ್ಸ್7 ಅನ್ನುವ ಸಿಂಥಸೈಜರ್ 1983ರಲ್ಲಿ ಬಂದಿತ್ತು. ಗಾಜಿನ ಲೋಟಕ್ಕೆ ಚಮಚ ತಾಗಿದಂಥ ಅದರ ಎಲೆಕ್ಟ್ರಿಕ್ ಪಿಯಾನೋ ಸದ್ದು ಆ ಕಾಲದ ಎಷ್ಟೋ ನಿಧಾನದ ಪ್ರೇಮಗೀತೆಗಳಲ್ಲಿ ಇದೆ. ಇವನ ಹತ್ತಿರ ಅದೇ ಸದ್ದು ಇತ್ತು. ಡ್ರಮ್ ಸದ್ದು ಕೂಡ ಹಾಗೇ, ಧಡ್ ಅಂತ ದೊಡ್ಡದಾಗಿ ಎದ್ದು ಕತ್ತರಿಸಿದ ಹಾಗೆ ಥಟ್ಟನೆ ನಿಲ್ಲುವುದು. ಕಣ್ಣು ಮುಚ್ಚಿದರೆ ಕ್ಯಾಸೆಟ್ಟೇ. ಈ ಒಂದು ವಿಷಯದಲ್ಲಿ ಉಳಿದ ಎರಡು ರಾತ್ರಿಗಳು ಇದರ ಹತ್ತಿರಕ್ಕೂ ಬರಲಿಲ್ಲ.

ಈ ಕಸುಬಿನಲ್ಲಿ ಮೇಲೆ ಹೋದವರು ನಿಜಕ್ಕೂ ಮೇಲೆ ಹೋಗಿದ್ದಾರೆ. ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಹಾಡುಗಳನ್ನೇ ನುಡಿಸುವ ಆಸ್ಟ್ರೇಲಿಯಾದ ತಂಡವೊಂದು 1996ರಲ್ಲಿ ಆ ಬ್ಯಾಂಡಿನ ಗಿಟಾರಿಸ್ಟ್ ಡೇವಿಡ್ ಗಿಲ್ಮೋರ್ ಅವರ 50ನೇ ಹುಟ್ಟುಹಬ್ಬಕ್ಕೇ ನುಡಿಸಿತ್ತು. ಅದೇ ವರ್ಷ ಜೂಡಾಸ್ ಪ್ರೀಸ್ಟ್ ಅನ್ನುವ ಹೆವಿ ಮೆಟಲ್ ಬ್ಯಾಂಡಿನವರು ತಮಗೆ ಹೊಸ ಗಾಯಕ ಬೇಕಾದಾಗ ಆರಿಸಿಕೊಂಡದ್ದು ತಮ್ಮದೇ ಹಾಡುಗಳನ್ನು ಹಾಡಿಕೊಂಡಿದ್ದ ಟ್ರಿಬ್ಯೂಟ್ ಬ್ಯಾಂಡಿನ ಹುಡುಗನನ್ನು. ಹಾಗಾಗಿ ನಕಲು ಅಂತ ಮೂಗು ಮುರಿಯುವುದನ್ನು ನಾನಂತೂ ಬಿಟ್ಟಿದ್ದೇನೆ.

ಆದರೆ ನಮ್ಮ ಹಾಡು ಬಂದಾಗ ಎಡವಟ್ಟಾಯಿತು. ಸಭೆಗೆ ಸಭೆಯೇ ಎದ್ದು ನಿಂತು ಹಾಡತೊಡಗಿತು. ಪಲ್ಲವಿ ಮೇಲಕ್ಕೆ ಏರುವ ಜಾಗದಲ್ಲಿ ಎಲ್ಲರ ದನಿಯೂ ಒಟ್ಟಿಗೆ ಕೈಕೊಟ್ಟಿತು. ವೇದಿಕೆ ಮೇಲಿನವನು ಮೂಲ ಶ್ರುತಿಯಲ್ಲೇ ಹಾಡುತ್ತಿದ್ದ. ಇಪ್ಪತ್ತೈದು ವರ್ಷದ ಗಾಯಕ ಸ್ಟುಡಿಯೋದಲ್ಲಿ ಮುಟ್ಟಿದ ಎತ್ತರ ಅದು. ಐವತ್ತು ದಾಟಿದ ನಮಗೆ ಹೇಗೆ ಸಿಗಬೇಕು? ನಾನು ಕೆಳಗಿನ ಸ್ಥಾಯಿಗೆ ಜಾರಿದೆ. ಗೆಳೆಯ ಸುಮ್ಮನಾದ. "ಚೆನ್ನಾಗಿದೆ ಕಣೋ, ಆದ್ರೆ ನೋಡ್ತಾ ಕೂರೋಕೆ ಮಾತ್ರ" ಅಂದ. ಕೂತುಕೊಂಡೆವು. ಕುರ್ಚಿ ಆರಾಮಾಗಿತ್ತು, ಅದನ್ನೂ ಹೇಳಬೇಕು.

ಡಿಜೆ ರಾತ್ರಿಯ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅಲ್ಲಿ ಕೇಳುವುದು ಮೂಲ ರೆಕಾರ್ಡಿಂಗೇ, ಅದಕ್ಕಿಂತ ಅಸಲಿ ಇನ್ನೇನಿದೆ ಅಂದುಕೊಂಡು ಹೋಗಿದ್ದೆ. ಆದರೆ ಡಿಜೆಗೆ ಕುಣಿಯುವವರ ಕಾಲು ನಿಲ್ಲಬಾರದು. ಒಂದು ಹಾಡಿಗೆ ಹೆಚ್ಚೆಂದರೆ ಎರಡು ನಿಮಿಷ, ಅಷ್ಟರಲ್ಲಿ ಮುಂದಿನ ಹಾಡು ನುಗ್ಗಿ ಬರುತ್ತದೆ. ನಮ್ಮ ಹಾಡಿನಲ್ಲಿ ನನಗೆ ಇಷ್ಟವಾದ ಸಾಲು ಇರುವುದು ಎರಡನೇ ಚರಣದಲ್ಲಿ. ಅದಕ್ಕೆ ಕಾಯುತ್ತಾ ಇದ್ದೆ, ಬರಲೇ ಇಲ್ಲ. ಊಟಕ್ಕೆ ಕೂರಿಸಿ, ಅನ್ನ ಬಡಿಸಿ, ಸಾರು ಬರುವ ಹೊತ್ತಿಗೆ ಎಲೆ ಎತ್ತಿದ ಹಾಗೆ. ಕುಣಿಯೋಕೆ ಹೋಗುವವರಿಗೆ ಇದೇ ಸರಿ. ನನ್ನ ಮಂಡಿ ಆ ಪಕ್ಷದಲ್ಲಿ ಇಲ್ಲ.

ಇನ್ನು ಮೂರನೇ ರಾತ್ರಿ. ಶುರುವೇ ಕೆಟ್ಟದಾಗಿತ್ತು. ಮುಕ್ಕಾಲು ಗಂಟೆ ತಡ. ಮೈಕ್ ಎರಡು ಸಲ ಕುಂಯ್ ಎಂದು ಕಿರುಚಿತು. ಮೊದಲ ಮೂರು ಹಾಡಿನಲ್ಲಿ ಬೇಸ್ ಗಿಟಾರ್ ಬಿಟ್ಟು ಇನ್ನೇನೂ ಕೇಳಿಸಲಿಲ್ಲ. ಹಿಂದೆ ನಿಂತವರು ಹಾಡಿಗಿಂತ ಜೋರಾಗಿ ಹರಟುತ್ತಿದ್ದರು. ಕೀಬೋರ್ಡಿನಿಂದ ಬರುತ್ತಿದ್ದದ್ದು ಸಾದಾ ಪಿಯಾನೋ ಸದ್ದು, ಆ ಗಾಜಿನ ಸದ್ದಲ್ಲ. ಎದ್ದು ಹೋಗೋಣ್ವಾ ಅಂತ ನಾನೇ ಕೇಳಿದೆ.

ಆಮೇಲೆ ನಮ್ಮ ಹಾಡು ಬಂತು. ಮೊದಲ ಸಾಲಿಗೇ ಏನೋ ಬೇರೆ ಅನ್ನಿಸಿತು. ಶ್ರುತಿ ಇಳಿಸಿದ್ದರು. ಹಾರ್ಮೋನಿಯಂ ಲೆಕ್ಕದಲ್ಲಿ ಕಪ್ಪು ಬಿಳುಪು ಸೇರಿಸಿ ಎರಡು ಮನೆ ಕೆಳಗೆ. ಪಲ್ಲವಿಯ ಏರು ಬಂದಾಗ ಇಡೀ ಕ್ಲಬ್ಬು ಒಟ್ಟಿಗೆ ಏರಿತು, ಯಾರ ದನಿಯೂ ಒಡೆಯಲಿಲ್ಲ. ಹರಟುತ್ತಿದ್ದವರೂ ಹಾಡಿದರು. ನನ್ನ ಗೆಳೆಯ ಹಾಸ್ಟೆಲ್‌ನಲ್ಲಿ ತಪ್ಪಾಗಿ ಕೇಳಿ ಕಲಿತಿದ್ದ ಅದೇ ತಪ್ಪು ಪದವನ್ನು ಕಿರುಚಿ ಹಾಡಿದ. ಪಕ್ಕದಲ್ಲಿದ್ದ ಅಪರಿಚಿತರೊಬ್ಬರು ಕೂಡ ಅದೇ ತಪ್ಪು ಪದ ಹಾಡಿದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು.

ನನ್ನನ್ನು ಹಿಡಿದದ್ದು ಇನ್ನೊಂದು. ಇಳಿಸಿದ ಶ್ರುತಿ ನನಗೆ ಪರಿಚಿತ ಅನ್ನಿಸುತ್ತಿತ್ತು. ಯಾಕೆ ಅಂತ ಮನೆಗೆ ಬರುವಾಗ ಹೊಳೆಯಿತು. ನಮ್ಮ ಟೇಪ್ ರೆಕಾರ್ಡರ್ ಸೆಲ್ ಹಾಕಿ ಓಡಿಸುವ ಅಗ್ಗದ್ದು. ಸೆಲ್ ಸುಸ್ತಾದರೆ ಮೋಟಾರ್ ನಿಧಾನವಾಗುತ್ತದೆ, ಜೊತೆಗೆ ಶ್ರುತಿಯೂ ಇಳಿಯುತ್ತದೆ. ಟೇಪು ಸುಮಾರು 6% ನಿಧಾನವಾದರೆ ಹಾಡು ಒಂದು ಮನೆ ಕೆಳಗೆ ಬರುತ್ತದೆ. ತಿಂಗಳ ಕೊನೆಗೆ ನಾವು ಕೇಳುತ್ತಿದ್ದದ್ದು ಹಾಗೇ ಕುಗ್ಗಿದ ಹಾಡು. ಸೆಲ್ ತೆಗೆದು ಅಂಗೈಯಲ್ಲಿ ಉಜ್ಜಿ ಮತ್ತೆ ಹಾಕುತ್ತಿದ್ದೆವು. ಹಾಗೆ ನೋಡಿದರೆ ನಾನು ಕೇಳಿ ಬೆಳೆದ ಹಾಡಿಗೆ ಮೂಲ ಶ್ರುತಿಗಿಂತ ಕ್ಲಬ್ಬಿನ ಬ್ಯಾಂಡೇ ಹತ್ತಿರ ಇತ್ತು!

ಬಿಡುವಿನಲ್ಲಿ ಗಾಯಕಿಯನ್ನೇ ಕೇಳಿದೆ. ನಮ್ಮ ವಯಸ್ಸಿನವರೇ. "ಮೇಡಂ, ಶ್ರುತಿ ಯಾಕೆ ಇಳಿಸಿದ್ರಿ?" ಅವರು ನಕ್ಕರು. "ನನಗೂ ಆಗಲ್ಲ, ನಿಮಗೂ ಆಗಲ್ಲ ಅಲ್ವಾ ಸರ್?" ಎಂದರು.

ಹಾಡು ಮುಗಿಸುವುದರಲ್ಲೂ ಮೂರಕ್ಕೂ ವ್ಯತ್ಯಾಸ ಇತ್ತು. ಆ ಕಾಲದ ಎಷ್ಟೋ ರೆಕಾರ್ಡುಗಳಿಗೆ ಮುಕ್ತಾಯವೇ ಇಲ್ಲ, ಪಲ್ಲವಿ ತಿರುಗುತ್ತಾ ಸದ್ದು ಮೆಲ್ಲಗೆ ಕರಗಿಹೋಗುತ್ತದೆ. ವೇದಿಕೆ ಮೇಲೆ ಹಾಗೆ ಕರಗೋಕೆ ಆಗುವುದಿಲ್ಲ. ಟ್ರಿಬ್ಯೂಟ್ ತಂಡ ಮೂಲ ಬ್ಯಾಂಡಿನ ಸಂಗೀತ ಕಚೇರಿಯ ರೆಕಾರ್ಡ್ ಕೇಳಿ ಅದರ ಮುಕ್ತಾಯವನ್ನೇ ಕಲಿತಿತ್ತು, ಸೂಜಿ ಮೊನೆಯಷ್ಟು ನಿಖರ. ಡಿಜೆಗೆ ಕೊನೆಯ ಗೊಡವೆಯೇ ಇಲ್ಲ. ಕ್ಲಬ್ಬಿನ ಬ್ಯಾಂಡಿನಲ್ಲಿ ಡ್ರಮ್ಮರ್ ಕೋಲು ಎತ್ತಿ ಸನ್ನೆ ಮಾಡಿದ, ನಾಲ್ವರು ನಿಂತರು. ಬೇಸ್‌ನವನು ನೋಡಿರಲಿಲ್ಲ. ಅವನೊಬ್ಬನೇ ನಾಲ್ಕು ಪೆಟ್ಟು ಮುಂದೆ ಹೋಗಿ, ಕತ್ತೆತ್ತಿ, ನಾಲಿಗೆ ಕಚ್ಚಿಕೊಂಡ. ಆವತ್ತು ಬಿದ್ದ ದೊಡ್ಡ ಚಪ್ಪಾಳೆ ಅದಕ್ಕೇ.

ಹಾಡುಗಳ ಆಯ್ಕೆಯಲ್ಲೂ ನನ್ನ ಓಟು ಕ್ಲಬ್ಬಿಗೆ. ನಡುವಯಸ್ಸು ದಾಟಿದವರಿಗೆ ಹತ್ತರಿಂದ ಮೂವತ್ತು ವರ್ಷದ ನಡುವಿನ ನೆನಪುಗಳು ಉಳಿದವಕ್ಕಿಂತ ಹೆಚ್ಚು ಬರುತ್ತವೆ ಎಂದು ಮನಶ್ಶಾಸ್ತ್ರಜ್ಞರು ಗುರುತಿಸಿದ್ದಾರೆ. ಟ್ರಿಬ್ಯೂಟ್ ಬ್ಯಾಂಡ್ ಬಡಿಯುವುದು ಒಂದೇ ಬಾಗಿಲು. ಕವರ್ ಬ್ಯಾಂಡ್ ಎಪ್ಪತ್ತು, ಎಂಬತ್ತು, ತೊಂಬತ್ತು ಅಂತ ತಿರುಗಿಸಿ ತಿರುಗಿಸಿ ನುಡಿಸುತ್ತದೆ, ಪ್ರತಿ ಹತ್ತು ನಿಮಿಷಕ್ಕೆ ಬೇರೆ ಮೂಲೆಯಲ್ಲಿ ಕೇಕೆ ಏಳುತ್ತದೆ. ಬೇರೆಯವರ ಹಾಡು ನುಡಿಸುವುದು ಕೀಳು ಅನ್ನುವವರಿಗೆ ಒಂದು ಮಾತು. ಬೀಟಲ್ಸ್ ತಂಡದ 1963ರ ಮೊದಲ ಆಲ್ಬಮ್ಮಿನ 14 ಹಾಡುಗಳಲ್ಲಿ 6 ಬೇರೆಯವರವು. ಅದಕ್ಕೂ ಮುಂಚೆ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ರಾತ್ರಿಗೆ ಗಂಟೆಗಟ್ಟಲೆ ಅವರು ನುಡಿಸಿದ್ದು ಹೆಚ್ಚಾಗಿ ಇಂಥ ಹಾಡುಗಳನ್ನೇ.

ಕಿವಿಯ ವಿಷಯಕ್ಕೆ ಬಂದರೆ ಕ್ಲಬ್ಬು ಮೂರರಲ್ಲಿ ಕೊನೆ. ಫೋನಿನ ಆಪ್ ಅಂದಾಜು ಮಾತ್ರ ಹೇಳುತ್ತದೆ, ಆದರೂ ಸ್ಪೀಕರ್ ಹತ್ತಿರ 100 ಡೆಸಿಬೆಲ್ ದಾಟಿತ್ತು. ಕೆಲಸದ ಜಾಗಗಳಿಗೆ ಅಮೆರಿಕದ ನಿಯೋಶ್ ಸಂಸ್ಥೆ ಹೇಳುವ ಮಿತಿ 85 ಡೆಸಿಬೆಲ್‌ಗೆ 8 ಗಂಟೆ. ಅಲ್ಲಿಂದ 3 ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕೆ ಇಳಿಯುತ್ತದೆ, 100ಕ್ಕೆ ಬರುವಾಗ ಉಳಿಯುವುದು ಬರೀ 15 ನಿಮಿಷ. ನಾವು ಮೂರು ಗಂಟೆ ಇದ್ದೆವು. ಮರುದಿನ ಮಧ್ಯಾಹ್ನದ ತನಕ ಕಿವಿಯಲ್ಲಿ ಜೀರುಂಡೆ. ಈಗ ಸಂಗೀತಗಾರರು ಹಾಕುವ ಥರದ ಇಯರ್‌ಪ್ಲಗ್ ಕೊಂಡಿದ್ದೇನೆ. ಹತ್ತಿ ತುರುಕಿದರೆ ಮೇಲಿನ ಸ್ವರಗಳೇ ಸಾಯುತ್ತವೆ, ಇದರಲ್ಲಿ ಎಲ್ಲವೂ ಹೆಚ್ಚುಕಡಿಮೆ ಒಂದೇ ಸಮ ತಗ್ಗುತ್ತದೆ. ನಿಲ್ಲುವ ಜಾಗವನ್ನೂ ಬದಲಿಸಿದ್ದೇವೆ. ಸದ್ದು ಹೊಂದಿಸುವ ಮಿಕ್ಸರ್ ಹಿಡಿದು ಕೂತವನ ಪಕ್ಕ ನಿಂತರೆ ಅವನು ಕೇಳುವ ಹಾಗೇ ನಮಗೂ ಕೇಳುತ್ತದೆ.

ಟ್ರಿಬ್ಯೂಟ್ ಬ್ಯಾಂಡ್ ಮತ್ತೆ ಬಂದರೆ ಹೋಗುತ್ತೇನೆ, ಆ ಗಾಜಿನ ಸದ್ದಿಗೋಸ್ಕರ. ಡಿಜೆ ಬೇಡ. ಬರುವ ಶನಿವಾರ ಮಾತ್ರ ಕ್ಲಬ್ಬೇ. ಅದೇ ಕ್ಯಾಸೆಟ್ಟಿನ ಬಿ ಸೈಡಿನಲ್ಲಿದ್ದ ಒಂದು ಹಾಡನ್ನು ಚೀಟಿಯಲ್ಲಿ ಬರೆದು ಗಾಯಕಿಗೆ ಕೊಟ್ಟು ಬಂದಿದ್ದೆವು, ಕಲಿತುಕೊಂಡಿರುತ್ತೇವೆ ಅಂದಿದ್ದಾರೆ. ಚೀಟಿಯ ಕೆಳಗೆ ಗೆಳೆಯ ದೊಡ್ಡ ಅಕ್ಷರದಲ್ಲಿ ಸೇರಿಸಿದ್ದ: "ಎರಡನೇ ಚರಣ ನುಂಗಬೇಡಿ."