ಅರಿಶಿನದ ಕ್ಯಾಪ್ಸೂಲ್: ವಾರ್ಫರಿನ್ ತಗೊಳ್ಳುವವರು ಮೊದಲು ಇದನ್ನು ಓದಿ

ಈ ಕ್ಯಾಪ್ಸೂಲ್ ತರಿಸಿದ್ದು ಅಪ್ಪನ ಮಂಡಿನೋವಿಗೆ. ಅವರಿಗೆ ಹೃದಯದ ಕವಾಟ ಬದಲಾಯಿಸಿದ್ದಾರೆ, ದಿನಾ ವಾರ್ಫರಿನ್ ನುಂಗಬೇಕು. ರಕ್ತ ಹೆಪ್ಪುಗಟ್ಟದ ಹಾಗೆ ನೋಡಿಕೊಳ್ಳುವ ಮಾತ್ರೆ ಅದು. ಅದರ ಜೊತೆ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ತಗೊಂಡರೆ ಹೊಟ್ಟೆಯೊಳಗೆ ರಕ್ತ ಸೋರಬಹುದು ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಅದಕ್ಕೇ ನಾನು ಗಿಡಮೂಲಿಕೆಯದ್ದು ಹುಡುಕಿದೆ. 'ಸೈಡ್ ಎಫೆಕ್ಟ್ ಇಲ್ಲ' ಅಂತ ಡಬ್ಬಿ ಮೇಲೆ ದಪ್ಪ ಹಸಿರು ಅಕ್ಷರದಲ್ಲಿ ಬರೆದಿತ್ತು.

ನೋವು ಕಡಿಮೆಯಾಗಿದ್ದು ನಿಜ. ಮೂರನೇ ವಾರಕ್ಕೆ ಅಪ್ಪ ಕಂಬಿ ಹಿಡಿಯದೆ ಮೆಟ್ಟಿಲು ಹತ್ತುತ್ತಿದ್ದರು. ನಾಲ್ಕನೇ ವಾರ ಹಲ್ಲುಜ್ಜಿ ಉಗುಳಿದರೆ ಬೇಸಿನ್ ತುಂಬ ಕೆಂಪು. ಎಲ್ಲೂ ತಗುಲಿಸಿಕೊಂಡಿರಲಿಲ್ಲ, ಆದರೂ ವಾಚಿನ ಪಟ್ಟಿ ಕೂರುವ ಜಾಗ ನೀಲಿಗಟ್ಟಿತ್ತು. ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡುವ ಐಎನ್‌ಆರ್ ಟೆಸ್ಟ್ ಮಾಡಿಸಿದರೆ 5.2. ಈ ಸಂಖ್ಯೆ ಏರಿದಷ್ಟೂ ರಕ್ತ ಸೋರುವ ಅಪಾಯ ಹೆಚ್ಚು. ಅವರದು 2ರಿಂದ 3ರೊಳಗೆ ಇರಬೇಕು.

ಬೇರೆ ಏನಾದರೂ ಔಷಧಿ ತಗೊಳ್ತಿದ್ದೀರಾ ಅಂತ ಡಾಕ್ಟರ್ ಕೇಳಿದಾಗ ಅಪ್ಪ ಇಲ್ಲ ಅಂದರು. ಸುಳ್ಳು ಹೇಳಿದ್ದಲ್ಲ. ಅವರ ಲೆಕ್ಕದಲ್ಲಿ ಅದು ಔಷಧಿಯೇ ಅಲ್ಲ, ಅರಿಶಿನ ಅಷ್ಟೇ. ನಾನು ಬ್ಯಾಗಿನಿಂದ ಡಬ್ಬಿ ತೆಗೆದು ಮೇಜಿನ ಮೇಲಿಟ್ಟೆ. ಕಾರಣ ಇದೇ ಇರಬೇಕು ಅಂದರು ಡಾಕ್ಟರ್.

ಲೇಬಲ್ ಸರಿಯಾಗಿ ಓದಿದ್ದು ಆಮೇಲೆ. ಒಂದು ಕ್ಯಾಪ್ಸೂಲಿನಲ್ಲಿ 500 ಮಿಲಿಗ್ರಾಂ ಅರಿಶಿನದ ಸಾರ, ಅದರಲ್ಲಿ ಶೇ. 95 ಕರ್ಕ್ಯುಮಿನ್, ಅಂದರೆ ಅರಿಶಿನದೊಳಗಿನ ಮುಖ್ಯ ಸತ್ವ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ. 3 ಮಾತ್ರ. ಅಂದರೆ ದಿನಕ್ಕೆ ಎರಡು ಕ್ಯಾಪ್ಸೂಲ್ ನುಂಗಿದರೆ ಹತ್ತಿರ ಹತ್ತಿರ 30 ಗ್ರಾಂ ಪುಡಿ ತಿಂದ ಹಾಗೆ. ಅಷ್ಟು ಯಾರಾದರೂ ತಿಂತಾರಾ? ಜೊತೆಗೆ ಕಾಳುಮೆಣಸಿನ ಸಾರ, ಪೈಪರಿನ್. ಕರ್ಕ್ಯುಮಿನ್ ಮೈಗೆ ಚೆನ್ನಾಗಿ ಹತ್ತಲಿ ಅಂತ ಅದನ್ನು ಸೇರಿಸುತ್ತಾರೆ. ಆದರೆ ಅದು ಬೇರೆ ಕೆಲವು ಮಾತ್ರೆಗಳ ಪ್ರಮಾಣವನ್ನೂ ರಕ್ತದಲ್ಲಿ ಏರಿಸಬಲ್ಲದು. ಇದರ ಬಗ್ಗೆ ಡಬ್ಬಿ ಮೇಲೆ ಒಂದು ಸಾಲೂ ಇಲ್ಲ. 'ಔಷಧಿ ತಗೊಳ್ಳುವವರು ವೈದ್ಯರನ್ನು ಕೇಳಿ' ಅಂತ ತಳದ ಹತ್ತಿರ, ಬಾರ್‌ಕೋಡ್ ಪಕ್ಕ, ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿದೆ. ನನಗೆ ತುಂಬ ಸಿಟ್ಟು ಬಂದಿದ್ದು ಅಲ್ಲೇ. ಯಾಕಂದ್ರೆ ಇದು ಹೊಸ ವಿಷಯವಲ್ಲ. ನ್ಯೂಜಿಲೆಂಡಿನ ಔಷಧ ನಿಯಂತ್ರಕ ಮೆಡ್‌ಸೇಫ್ 2018ರಲ್ಲೇ ಎಚ್ಚರಿಸಿತ್ತು. ವಾರ್ಫರಿನ್ ಜೊತೆ ಅರಿಶಿನದ ಉತ್ಪನ್ನ ತಗೊಂಡ ಒಬ್ಬರ ಐಎನ್‌ಆರ್ 10 ದಾಟಿತ್ತಂತೆ.

ಎಲ್ಲ ಮೂಲಿಕೆಯೂ ಹೀಗೇ ಏರಿಸುತ್ತೆ ಅಂತಲ್ಲ. ಸೇಂಟ್ ಜಾನ್ಸ್ ವರ್ಟ್ ಉಲ್ಟಾ, ವಾರ್ಫರಿನ್ ಕೆಲಸವನ್ನೇ ತಗ್ಗಿಸುತ್ತೆ. ಗರ್ಭನಿರೋಧಕ ಮಾತ್ರೆಗೂ ಅದೇ ಗತಿ.

ಐದಕ್ಕೆ ಒಂದು ಸ್ಟಾರ್ ಕೊಡ್ತಿದ್ದೇನೆ, ಆ ಲೇಬಲ್‌ಗೋಸ್ಕರ. ಈಗಾಗಲೇ ಎರಡನ್ನೂ ಒಟ್ಟಿಗೆ ತಗೊಳ್ತಿದ್ದರೆ ನೀವಾಗಿಯೇ ಏನನ್ನೂ ನಿಲ್ಲಿಸಬೇಡಿ, ಇವತ್ತೇ ಡಾಕ್ಟರಿಗೆ ಫೋನ್ ಮಾಡಿ. ಕ್ಯಾಪ್ಸೂಲ್ ಬಿಟ್ಟ ಮೇಲೂ ಐಎನ್‌ಆರ್ ಏರುಪೇರಾಗುತ್ತೆ. ಅಪ್ಪನದು 2.6ಕ್ಕೆ ಬಂದು ನಿಲ್ಲುವಷ್ಟರಲ್ಲಿ ಮೂರು ಸಲ ಟೆಸ್ಟಿಗೆ ರಕ್ತ ಕೊಟ್ಟಾಗಿತ್ತು.